ಪ್ರಾಚೀನ ಗ್ರೀಕ್ ನಾಣ್ಯಗಳು

ಕ್ರಿ.ಪೂ. 7ನೆಯ ಶತಮಾನದ ಕೊನೆಯ ಭಾಗದಲ್ಲಿ ಏಷ್ಯಾ ಮೈನರಿನ ಲಿಡಿಯ ರಾಜ್ಯದಲ್ಲೂ ಅದರ ನೆರೆಯ ಗ್ರೀಕ್ ಪಟ್ಟಣಗಳಲ್ಲೂ ನಾಣ್ಯಗಳು ಬಳಕೆಗೆ ಬಂದವು. ಅವುಗಳ ಲೋಹ ಎಲೆಕ್ಟ್ರಮ್, ಅಂದರೆ ಚಿನ್ನ ಬೆಳ್ಳಿಗಳ ಮಿಶ್ರಣ. ಅದರಲ್ಲಿ ಚಿನ್ನವೆಷ್ಟೆಂದು ಕಣ್ಣಳತೆಯಲ್ಲಿ ತಿಳಿಯದು. ಮುದ್ರೆ ಒತ್ತಿದವರನ್ನೇ ನಂಬಬೇಕು. ಚಿನ್ನ, ಬೆಳ್ಳಿಗಳಿಗೆ ಬೇರೆಬೇರೆ ನಾಣ್ಯ ಹೊರಡಿಸಿದ ಕೀರ್ತಿ ಲಿಡಿಯದ ದೊರೆ ಕ್ರೀಸಸನಿಗೆ ಸಲ್ಲುತ್ತದೆ.

6ನೆಯ ಶತಮಾನದಲ್ಲಿ ಗ್ರೀಸಿನ ನಗರರಾಜ್ಯಗಳು ಬೆಳ್ಳಿಯನ್ನು ನೆಚ್ಚಿದವು. ಈಜೈನ ಆಮೆಯನ್ನೂ ಕಾರಿಂತ್ ರೆಕ್ಕೆಯ ಕುದುರೆಯನ್ನೂ ಅಥೆನ್ಸ್ ಗೂಬೆಯನ್ನೂ ತಂತಮ್ಮ ಗುರುತಾಗಿ ಆರಿಸಿಕೊಂಡವು. 6 ಓಬಲ್‌ಗಳಿಗೆ 1 ಡ್ರಾಕ್ಮ. ಅಥೆನ್ಸಿನ ನಾಲ್ಕು ಡ್ರಾಕ್ಮದ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತಿತ್ತು. ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಒಂದು ಬದಿಗೆ ಶಿರಸ್ತ್ರಾಣ ತೊಟ್ಟ ಅಥೀನ ದೇವಿ. ಇನ್ನೊಂದು ಬದಿಗೆ ದುಂಡುಗಣ್ಣಿನ ಗೂಬೆ, ಆಲಿವ್ ಚಿಗುರು, ಊರಿನ ಹೆಸರಿನ ಮೂರಕ್ಷರ. ಗ್ರೀಕ್ ಶಿಲ್ಪಕಲೆ ಎಷ್ಟೋ ಮುಂದೆ ಹೋದ ಮೇಲೂ ದೇವಿಯ ಹಳೆಯ ಒರಟು ರೂಪ ಬದಲಾಗಲಿಲ್ಲ. ಪರದೇಶದ ಪೇಟೆಗಳಲ್ಲೂ ಕೈಗೆ ಪರಿಚಿತವಾಗಿದ್ದ ನಾಣ್ಯವನ್ನು ತಿದ್ದುವುದು ಅಪಾಯವೆಂದು ಟಂಕಸಾಲೆಯವರು ಬಗೆದಿರಬೇಕು.

ಬೆಳ್ಳಿ ಬರುತ್ತಿದ್ದುದು ಲಾರಿಯಮ್ ಗಣಿಗಳಿಂದ, ಗುಲಾಮರ ದುಡಿಮೆಯಿಂದ. 483ರಲ್ಲಿ ಅಲ್ಲಿನ ಹೊಸ ಆದಾಯವನ್ನು ಪ್ರಜೆಗಳಿಗೆ ಹಂಚುವ ಬದಲು ಯುದ್ಧನೌಕೆ ಕಟ್ಟಲು ಅಥೆನ್ಸಿನ ಮುಖಂಡ ಥೆಮಿಸ್ಟೊಕ್ಲೀಸ್ ಒಪ್ಪಿಸಿದ. 480ರ ಸಲಾಮಿಸ್ ಕದನದಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು ಆ ನೌಕಾಬಲವೇ. ಮುಂದೆ 413ರಲ್ಲಿ ಸ್ಪಾರ್ಟದವರು ಅಥೆನ್ಸಿನ ಹತ್ತಿರದ ಡೆಕೆಲಿಯದಲ್ಲಿ ಬೀಡುಬಿಟ್ಟಾಗ ಗುಲಾಮರು ತಪ್ಪಿಸಿಕೊಂಡು ಹೋದರು, ಗಣಿ ಕೆಲಸ ಕುಸಿಯಿತು. ಕೆಲವೇ ವರ್ಷಗಳಲ್ಲಿ ಅಥೆನ್ಸ್ ಬೆಳ್ಳಿಯ ಮುಲಾಮು ಹಾಕಿದ ತಾಮ್ರದ ನಾಣ್ಯ ಹೊರಡಿಸಬೇಕಾಯಿತು. ನಾಟಕಕಾರ ಅರಿಸ್ಟೊಫನೀಸ್ ಆ ಕೆಟ್ಟ ನಾಣ್ಯಗಳನ್ನು ರಂಗದ ಮೇಲೆಯೇ ಗೇಲಿ ಮಾಡಿದ್ದಾನೆ.

ಖೋಟಾ ನಾಣ್ಯದ ಕಾಟ ಎಷ್ಟಿತ್ತೆಂಬುದಕ್ಕೆ ಅಥೆನ್ಸಿನ 375/4ರ ಶಾಸನವೊಂದು ಸಾಕ್ಷಿ. ಪೇಟೆಯಲ್ಲಿ ಸರಕಾರದ ಗುಲಾಮನೊಬ್ಬ ಕುಳಿತು ನಾಣ್ಯ ಪರೀಕ್ಷಿಸಬೇಕು; ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಬೇಕು. ಅವನು ಒಪ್ಪಿದ ನಾಣ್ಯವನ್ನು ಬೇಡವೆಂದ ವ್ಯಾಪಾರಿಯ ಅಂದಿನ ಸರಕೆಲ್ಲ ಜಪ್ತಿ. ಕೆಲಸ ತಪ್ಪಿಸಿದರೆ ಪರೀಕ್ಷಕನಿಗೆ 50 ಛಡಿಯೇಟು.

ಅಂದಚೆಂದದಲ್ಲಿ ಮಾತ್ರ ಸಿಸಿಲಿಯ ಸಿರಾಕ್ಯೂಸ್ ಮುಂದು. ಅಲ್ಲಿ ಕಿಮೋನ್, ಯೂಐನೆಟೋಸ್ ಎಂಬ ಅಚ್ಚುಗಾರರು ತಮ್ಮ ಕೆಲಸದ ಮೇಲೆ ಹೆಸರನ್ನೂ ಕೊರೆದರು.

ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಗ್ರೀಕ್ ಪದ್ಧತಿ ಬ್ಯಾಕ್ಟ್ರಿಯವನ್ನೂ ವಾಯವ್ಯ ಭಾರತವನ್ನೂ ತಲುಪಿತು. ಬೌದ್ಧ ಗ್ರಂಥಗಳ ಮಿಲಿಂದ, ಅಂದರೆ ಮಿನಾಂಡರ್, ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ಖರೋಷ್ಠಿ ಲಿಪಿಯಲ್ಲಿ ಹೆಸರು ಬರೆಸಿದ. ಇನ್ನೊಬ್ಬ ಗ್ರೀಕ್ ದೊರೆ ಅಗಾಥೊಕ್ಲೀಸನ ಚೌಕ ನಾಣ್ಯಗಳಲ್ಲಿ ವಾಸುದೇವ, ಸಂಕರ್ಷಣರೇ ಇದ್ದಾರೆ. 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್ ಮೊದಲಾದವರು ಖರೋಷ್ಠಿ ಅಕ್ಷರಗಳನ್ನು ಬಿಡಿಸಿ ಓದಿದ್ದು ಇಂಥ ದ್ವಿಭಾಷಾ ನಾಣ್ಯಗಳ ನೆರವಿನಿಂದ.