ದಿನಕ್ಕೊಂದು ಗಿಡ, ಕಾಲು ಗಂಟೆ

1845ರಿಂದ 1847ರವರೆಗೆ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಯುವ ಸರ್ಜನ್ ಇದ್ದ. ಹುಟ್ಟಿದ್ದು 1820ರಲ್ಲಿ ಮದರಾಸಿನಲ್ಲಿ, ಬೆಳೆದದ್ದು ಸ್ಕಾಟ್ಲೆಂಡಿನ ಅಜ್ಜನ ಮನೆಯಲ್ಲಿ, ವೈದ್ಯ ಓದಿದ್ದು ಎಡಿನ್‌ಬರೋದಲ್ಲಿ. 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ವೈದ್ಯಕೀಯ ಸೇವೆಗೆ ಸೇರಿದ ಆತನನ್ನು ಕೆಲವೇ ವರ್ಷಗಳಲ್ಲಿ ಮೈಸೂರು ಸೀಮೆಗೆ ಕಳಿಸಿದರು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಲೆನಾಡೆಂದರೆ ಚಳಿಜ್ವರದ ಸೀಮೆ ಎಂದು ಅಧಿಕಾರಿಗಳು ಹೆದರುತ್ತಿದ್ದ ಕಾಲ. ಕಾಡಿನ ಕೆಟ್ಟ ಗಾಳಿಯೇ ಜ್ವರ ತರುತ್ತದೆಂದು ವೈದ್ಯರೂ ನಂಬಿದ್ದರು.

ಇಂಥ ಊರಿನಲ್ಲಿ ಆತ ಒಂದು ಅಭ್ಯಾಸ ಇಟ್ಟುಕೊಂಡ. ಇಂಗ್ಲೆಂಡಿನ ಕ್ಯೂ ಉದ್ಯಾನದ ನಿರ್ದೇಶಕ ವಿಲಿಯಂ ಹೂಕರ್ ಹೇಳಿದ್ದ ಅಭ್ಯಾಸ ಅದು: ದಿನಕ್ಕೊಂದು ಗಿಡ, ಕಾಲು ಗಂಟೆ. ಅಷ್ಟು ಹೊತ್ತು ಒಂದೇ ಗಿಡವನ್ನು ನೋಡಬೇಕು. ನೋಡಿದ್ದನ್ನು ಬರೆಸಲು ಒಬ್ಬ ಮರಾಠಿ ಚಿತ್ರಕಾರನನ್ನೂ ಇಟ್ಟುಕೊಂಡ. ನಮ್ಮ ಸೀಮೆಯ ಹೂವು, ಎಲೆ, ಕಾಯಿಗಳ ಆ ಚಿತ್ರಗಳು ಇವತ್ತಿಗೂ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿ ಇವೆ.

ನಾನು ನರ್ಸ್. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಐಸಿಯುನಲ್ಲಿ ಬಹಳ ವರ್ಷ ದುಡಿದು, ಕೋವಿಡ್‌ನ ಎರಡನೇ ಅಲೆ ಇಳಿದ ಮೇಲೆ ರಾಜೀನಾಮೆ ಕೊಟ್ಟು ಸಾಗರ ಸೀಮೆಯ ತವರಿಗೆ ಬಂದವಳು. ಐಸಿಯುನಲ್ಲಿ ಕಾಲು ಗಂಟೆ ಎಂದರೆ ಎಷ್ಟು ಎಂಬುದು ನನಗೆ ಚೆನ್ನಾಗಿ ಗೊತ್ತು. ಅಷ್ಟರೊಳಗೆ ಒಬ್ಬರಿಗೆ ಸಕ್ಷನ್ ಮಾಡಬೇಕು, ಇನ್ನೊಬ್ಬರ ಪಂಪಿನ ಅಲಾರಂ ನೋಡಬೇಕು, ಮತ್ತೊಬ್ಬರ ಮಗ್ಗುಲು ಬದಲಿಸಬೇಕು, ಬಿಪಿ, ಪಲ್ಸ್, ಮೂತ್ರದ ಅಳತೆ ಚಾರ್ಟಿಗೆ ಏರಿಸಬೇಕು. ನೈಟ್ ಡ್ಯೂಟಿ ಮುಗಿಸಿ ಹ್ಯಾಂಡೋವರ್ ಕೊಟ್ಟು ಹಾಸ್ಟೆಲಿಗೆ ಬಂದು ಮಲಗಿದರೂ ಕಿವಿಯಲ್ಲಿ ಮಾನಿಟರ್ ಕೂಗುತ್ತಲೇ ಇರುತ್ತಿತ್ತು. ಕೊನೆಕೊನೆಗೆ ಯಾರ ಮುಖ ಕಂಡರೂ ಮೊದಲು ಅವರ ಉಸಿರಾಟ ಎಣಿಸುತ್ತಿದ್ದೆ. ಅಮ್ಮ ಫೋನಿನಲ್ಲಿ ಕೆಮ್ಮಿದರೆ ಕೈ ನಡುಗುತ್ತಿತ್ತು.

ಊರಿಗೆ ಬಂದ ಮೇಲೆ ನನ್ನನ್ನು ನಿಧಾನವಾಗಿ ಎತ್ತಿ ನಿಲ್ಲಿಸಿದ್ದು ತೋಟ ಮತ್ತು ಅದರ ಹಿಂದಿನ ಸೊಪ್ಪಿನಬೆಟ್ಟ. ನನಗಿಂತ ಮುಂಚೆ ಇದೇ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಗಿಡದ ಕಡೆಗೆ ನಡೆದವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತ ಹೋದಾಗ ಸಿಕ್ಕವನು ಕ್ಲೆಗ್‌ಹಾರ್ನ್. ಆತನ ಹಿಂದೆ ಒಂದು ಸಾಲೇ ಇತ್ತು.

ಆ ಕಾಲದ ವೈದ್ಯನಿಗೆ ಗಿಡ ನೋಡುವುದು ವೃತ್ತಿಯದೇ ಒಂದು ಭಾಗ. ಔಷಧಿಯಲ್ಲಿ ಬಹುಪಾಲು ಬರುತ್ತಿದ್ದದ್ದು ಬೇರು, ತೊಗಟೆ, ಎಲೆ, ಬೀಜಗಳಿಂದ. ಗಿಡ ಗುರುತಿಸಲು ಬಾರದವನು ಕೊಡುವ ಮದ್ದನ್ನು ನಂಬುವಂತಿರಲಿಲ್ಲ. ಎಡಿನ್‌ಬರೋದ ಸಸ್ಯೋದ್ಯಾನವನ್ನು 1670ರಲ್ಲಿ ಶುರು ಮಾಡಿದವರೇ ರಾಬರ್ಟ್ ಸಿಬಾಲ್ಡ್ ಮತ್ತು ಆಂಡ್ರ್ಯೂ ಬಾಲ್ಫರ್ ಎಂಬ ಇಬ್ಬರು ವೈದ್ಯರು. ಕ್ಲೆಗ್‌ಹಾರ್ನ್‌ಗೆ ಸಸ್ಯಶಾಸ್ತ್ರ ಕಲಿಸಿದ ರಾಬರ್ಟ್ ಗ್ರಹಾಂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗುಡ್ಡಬೆಟ್ಟ ಅಲೆಯುತ್ತಿದ್ದವರು. ಹೆಣ ಕೊಯ್ಯುವ ಕೋಣೆ, ವಾರ್ಡು, ಬೆಟ್ಟ, ಮೂರೂ ಸೇರಿ ವೈದ್ಯಶಿಕ್ಷಣ ಆಗಿತ್ತು. ಮಲೇರಿಯಾಕ್ಕೆ ಆಗ ಇದ್ದ ಆಸರೆಯೂ ಒಂದು ಮರದ ತೊಗಟೆಯೇ, ಸಿಂಕೋನ. ಅದರಿಂದ ಕ್ವಿನೈನ್ ಅನ್ನು ಫ್ರಾನ್ಸಿನಲ್ಲಿ ಬೇರ್ಪಡಿಸಿದ್ದು 1820ರಲ್ಲಿ, ಕ್ಲೆಗ್‌ಹಾರ್ನ್ ಹುಟ್ಟಿದ ವರ್ಷ.

ಹೀಗೆ ತಯಾರಾದ ಸರ್ಜನ್ನರು ಕಂಪನಿಯ ನೌಕರಿಗೆ ಬಂದು ನಮ್ಮ ನಾಡಿನ ತುಂಬ ಓಡಾಡಿದರು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಕೂಡ ಎಡಿನ್‌ಬರೋದಲ್ಲಿ ಓದಿದ ವೈದ್ಯನೇ. ಮೈಸೂರು, ಮಲಬಾರು, ಕೆನರಾ ಸುತ್ತಿ, ನಮ್ಮ ಇಕ್ಕೇರಿ, ನಗರಗಳನ್ನೂ ಹಾಯ್ದುಹೋದ. ಅಡಿಕೆ ತೋಟ ಹೇಗೆ ಮಾಡುತ್ತಾರೆ, ಗೊಬ್ಬರ ಯಾವುದು, ಕಾಡಿನಲ್ಲಿ ಯಾವ ಮರ ಇದೆ ಎಂದು ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಹೈದರಾಲಿ ಕಟ್ಟಿಸಿದ ಲಾಲ್‌ಬಾಗ್ ಕಂಪನಿಯ ಕೈಗೆ ಬಂದ ಹೊಸತರಲ್ಲಿ ಅದನ್ನು ನೋಡಿಕೊಂಡ ಬೆಂಜಮಿನ್ ಹೇನ್ ಸಹ ಸರ್ಜನ್. ಮುಂಬಯಿ ಪ್ರಾಂತ್ಯದಲ್ಲಿ 1847ರಲ್ಲಿ ಅರಣ್ಯ ಸಂರಕ್ಷಣಾಧಿಕಾರಿಯಾದ ಅಲೆಗ್ಸಾಂಡರ್ ಗಿಬ್ಸನ್ ಸಹ ಸರ್ಜನ್. ರೋಗಿಯ ಮಂಚದಿಂದ ಮರದ ಬುಡಕ್ಕೆ ಹೋಗುವ ದಾರಿ ಆಗ ಚೆನ್ನಾಗಿ ಸವೆದ ಕಾಲುದಾರಿ. ಆ ದಾರಿ ಹಿಡಿದವನನ್ನು ಯಾರೂ ಸೋತವನೆಂದು ನೋಡಲಿಲ್ಲ.

ಕ್ಲೆಗ್‌ಹಾರ್ನ್ ಆ ದಾರಿಯಲ್ಲಿ ಎಲ್ಲರಿಗಿಂತ ದೂರ ಹೋದ. ಮೈಸೂರು ಸೀಮೆಯ ಜ್ವರ ಮೈಯನ್ನು ಹಣ್ಣು ಮಾಡಿ, 1848ರಲ್ಲಿ ರಜೆಯ ಮೇಲೆ ಸ್ಕಾಟ್ಲೆಂಡಿಗೆ ಮರಳಬೇಕಾಯಿತು. ಮೈ ಸುಧಾರಿಸಿಕೊಂಡ ಆ ವರ್ಷಗಳಲ್ಲೇ, 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದ, ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘದ ಸಭೆ ಉಷ್ಣವಲಯದ ಕಾಡುಗಳ ನಾಶದ ಬಗ್ಗೆ ವರದಿ ಮಾಡಲು ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ವರದಿ ಒಪ್ಪಿಸಿದವರಲ್ಲಿ ಆತ ಮುಖ್ಯ. ಕಾಡು ಕಡಿದರೆ ಮಳೆ, ಒರತೆ, ಮಣ್ಣು ಏನಾಗುತ್ತದೆ ಎಂದು ಕೇಳಿದ ಮೊದಮೊದಲ ವರದಿಗಳಲ್ಲಿ ಅದೂ ಒಂದು. 1852ರಲ್ಲಿ ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆದ. 1856ರಲ್ಲಿ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಆದ. ಅದೇ ವರ್ಷ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನ ಆದದ್ದರ ಹಿಂದೆಯೂ ಆತನ ಸಲಹೆ ಇತ್ತು. ಎರಡು ವರ್ಷದ ನಂತರ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಎಂಬ ತೋಟಗಾರ ಬಂದು ಅದನ್ನು ವಹಿಸಿಕೊಂಡ. ಬೆಂಗಳೂರಿನಲ್ಲಿದ್ದಾಗ ಡ್ಯೂಟಿ ಇಲ್ಲದ ಭಾನುವಾರಗಳಲ್ಲಿ ನಾನು ಲಾಲ್‌ಬಾಗಿನ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಆ ನೆರಳಿನ ಹಿಂದೆ ಶಿವಮೊಗ್ಗದಲ್ಲಿ ಜ್ವರ ಹಿಡಿಸಿಕೊಂಡ ಒಬ್ಬ ವೈದ್ಯನ ಮಾತು ಇದೆಯೆಂಬುದು ಆಗ ತಿಳಿದಿರಲಿಲ್ಲ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಮ್ಮ ಬೆಟ್ಟದ ಜನಕ್ಕೆ ಅನ್ಯಾಯವಾಗುತ್ತದೆ. ಬೇಸಿಗೆಯಲ್ಲಿ ಇಳಿಜಾರಿನ ಕಾಡು ಸವರಿ, ಒಣಗಿಸಿ, ಸುಟ್ಟು, ಮಳೆ ಬೀಳುವಾಗ ಬೂದಿಯಲ್ಲಿ ರಾಗಿ ಬಿತ್ತುವ ಕುಮರಿ ಬೇಸಾಯ ಪಶ್ಚಿಮ ಘಟ್ಟದ ಎಷ್ಟೋ ಕುಟುಂಬಗಳ ಅನ್ನವಾಗಿತ್ತು. ಒಂದೆರಡು ಬೆಳೆ ತೆಗೆದು ಆ ಜಾಗವನ್ನು ವರ್ಷಾನುಗಟ್ಟಲೆ ಬಿಟ್ಟು ಮುಂದೆ ಹೋಗುತ್ತಿದ್ದರು. ಕ್ಲೆಗ್‌ಹಾರ್ನ್ ಅದರ ಕಡು ವಿರೋಧಿ. 1860ರಲ್ಲಿ ಮದರಾಸು ಸರ್ಕಾರ, ಅಪ್ಪಣೆ ಇಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡಕೂಡದೆಂದು ಆಜ್ಞೆ ಹೊರಡಿಸಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ ಎರಡೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಮರ ಉಳಿಯಲಿ ಎಂಬ ಕಾಳಜಿ ಆತನಿಗೆ ನಿಜವಾಗಿ ಇತ್ತೆಂದು ನಾನು ನಂಬುತ್ತೇನೆ. ಆದರೆ ಅದೇ ವರ್ಷಗಳಲ್ಲಿ ರೈಲು ದಾರಿಯ ಸ್ಲೀಪರಿಗೆ, ಹಡಗು ಕಟ್ಟುವುದಕ್ಕೆ ಬೇಕಾದ ಮರವೂ ಇದೇ ಕಾಡುಗಳಿಂದ ಹೋಗಬೇಕಿತ್ತು. ಒಬ್ಬ ಅಧಿಕಾರಿಗೆ ನೆಮ್ಮದಿ, ವಿದ್ಯೆ, ಹೆಸರು ಎಲ್ಲ ಕೊಟ್ಟ ಕಾಡಿನ ಬಾಗಿಲು ಅಲ್ಲೇ ಹುಟ್ಟಿ ಬೆಳೆದವರಿಗೆ ಮುಚ್ಚಿತು.

ನಮ್ಮ ತೋಟದ ಕೆಲಸಕ್ಕೆ ಬರುವ ಒಬ್ಬ ಹಿರಿಯ ಹೆಂಗಸಿನ ಪೂರ್ವಿಕರು ಕುಮರಿ ಮಾಡಿದವರು. ಬೆಟ್ಟದಲ್ಲಿ ನನ್ನ ಗುರು ಆಕೆಯೇ. ನಾನು ಮೊದಮೊದಲು ಬೆಟ್ಟ ಹತ್ತಿ ಆಯಾಸವಾಗಿ ಒಂದು ಮರಕ್ಕೆ ಬೆನ್ನು ಕೊಡಲು ಹೋದಾಗ ದೂರದಿಂದಲೇ ಕೂಗಿದಳು: “ಅಮ್ಮಾ, ಅದ್ಕೆ ಒರಗ್ಬ್ಯಾಡಿ! ಹೊಲಗೇರು ಅದು, ಮೈಯೆಲ್ಲ ಬೊಬ್ಬೆ ಬರ್ತದೆ.” ಆ ಮರದ ಸೊನೆ ತಾಗಿದರೆ ಚರ್ಮ ಸುಟ್ಟಂತಾಗುತ್ತದೆ. ಮತ್ತಿಯ ಒಡೆದ ತೊಗಟೆ, ನಂದಿಯ ನುಣ್ಣನೆ ಕಾಂಡ, ಮುರುಗಲು ಯಾವುದು, ಉಪ್ಪಾಗೆ ಯಾವುದು, ಎಲ್ಲ ಆಕೆಯಿಂದ ಕಲಿತೆ. ಸುರಗಿ ಬಿಟ್ಟ ದಿನ ವಾಸನೆ ಹಿಡಿದು ಮರ ಹುಡುಕುವುದನ್ನೂ ಕಲಿತೆ. ರೋಗಿಯನ್ನು ನೋಡಿ ಪಳಗಿದ ಕಣ್ಣು ಗಿಡಕ್ಕೂ ಒಗ್ಗುತ್ತದೆ. ಎಲೆಯ ಬಣ್ಣ ಮಾಸಿದ್ದು, ಚಿಗುರು ಬಾಡಿದ್ದು ತಾನಾಗಿ ಕಾಣುತ್ತದೆ. ಆದರೆ ಗಿಡ ನನ್ನಿಂದ ಜೀವ ಉಳಿಸಿಕೊಡೆಂದು ಬೇಡುವುದಿಲ್ಲ. ಕಣ್ಣು ಅದೇ, ಮೇಲಿನ ಭಾರ ಮಾತ್ರ ಇಳಿದಿದೆ. ಈಗ ನನಗೆ ನಿದ್ದೆ ಬರುತ್ತದೆ. ಅಮ್ಮನ ಕೆಮ್ಮು ಬರೀ ಕೆಮ್ಮಾಗಿ ಕೇಳುತ್ತದೆ.

ಕಾಡೇ ಮದ್ದು ಎಂದು ಸುಲಭವಾಗಿ ಹೇಳುವವರ ಮಾತನ್ನು ಮಲೆನಾಡಿನ ನರ್ಸಾಗಿ ನಾನು ಒಪ್ಪಲಾರೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ರೋಗಕ್ಕೆ ಜಗತ್ತೆಲ್ಲ ಆ ಕಾಡಿನ ಹೆಸರನ್ನೇ ಇಟ್ಟಿದೆ. ನಮಗೆ ಅದು ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದವು. ಸತ್ತವರು ಸೊಪ್ಪಿಗೆ, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋಗಲೇಬೇಕಾದ ಜನ. ಬೇಸಿಗೆಯಲ್ಲಿ ತರಗೆಲೆ ಗುಡಿಸಲು ಹೋಗುವಾಗ ನಾವು ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗುತ್ತೇವೆ. ಜ್ವರ ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಕಳಿಸುವ ಕೆಲಸ ಈಗಲೂ ನನ್ನದೇ. ಕ್ಲೆಗ್‌ಹಾರ್ನ್ ತೀರಿಕೊಂಡ ಎರಡು ವರ್ಷಕ್ಕೆ, 1897ರಲ್ಲಿ, ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ ಮೇಲೆ ಕಾಡಿನ ಗಾಳಿಯ ಮೇಲಿದ್ದ ಅಪವಾದ ಕಳೆಯಿತು. ಕಾಡಿನ ಒಳಗಿನ ಅಪಾಯ ಹಾಗೇ ಇದೆ. ಅದನ್ನು ತಿಳಿದೇ ಅದರೊಳಗೆ ಬದುಕಬೇಕು.

ಹಾಗಾದರೆ ಆ ಸವೆದ ಕಾಲುದಾರಿ ಮುಚ್ಚಿದ್ದು ಹೇಗೆ? ಔಷಧಿ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಸಸ್ಯಶಾಸ್ತ್ರ ಮೆಲ್ಲಗೆ ವೈದ್ಯಶಿಕ್ಷಣದ ಹೊರಗೆ ಹೋಯಿತು. ಗುಣವಾಗುವ ಔಷಧಿ ನಮಗೆ ಸಿಕ್ಕಿದ್ದು ಹಾಗೆಯೇ, ಅದರ ಬಗ್ಗೆ ದೂರಿಲ್ಲ. ಆದರೆ ಗಿಡದ ಜೊತೆಗೆ, ವೈದ್ಯರನ್ನು ಬಾಗಿಲಾಚೆ ಕಳಿಸುತ್ತಿದ್ದ ಕಾರಣವೂ ಹೋಯಿತು. ನಮ್ಮ ನರ್ಸಿಂಗಿನ ಮೂಲದಲ್ಲೂ ಇಂಥದ್ದೊಂದು ಇತ್ತು. ದೀಪ ಹಚ್ಚಿ ಪ್ರತಿಜ್ಞೆ ತೆಗೆದುಕೊಳ್ಳುವ ದಿನ ನಾವು ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್, 1860ರ ಹೊತ್ತಿಗೆ ಪ್ರಕಟವಾದ ತನ್ನ ಶುಶ್ರೂಷೆಯ ಪುಸ್ತಕದಲ್ಲಿ ಗಾಳಿ, ಬೆಳಕು, ಕಿಟಕಿ, ಹೂವುಗಳ ಬಗ್ಗೆ ಬರೆದಿದ್ದಾಳೆ. ತಾನೇ ಕಾಯಿಲೆ ಬಿದ್ದಿದ್ದಾಗ ಯಾರೋ ಕಳಿಸಿದ ಕಾಡುಹೂಗಳ ಗೊಂಚಲು ಬಂದ ಮೇಲೆ ಬೇಗ ಚೇತರಿಸಿಕೊಂಡೆನೆಂದೂ ಹೇಳಿದ್ದಾಳೆ. 1984ರಲ್ಲಿ ರೋಜರ್ ಅಲ್ರಿಚ್ ಎಂಬ ಅಮೆರಿಕದ ಸಂಶೋಧಕ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ಹೋಲಿಸಿ ನೋಡಿದ. ಪಿತ್ತಕೋಶದ ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ನೋವಿನ ಬಲವಾದ ಔಷಧಿಯನ್ನೂ ಕಡಿಮೆ ತೆಗೆದುಕೊಂಡಿದ್ದರು. ರೋಗಿ ಅಲ್ಲಿರುವುದು ಕೆಲವು ದಿನ. ನರ್ಸ್ ಅದೇ ಗೋಡೆಗಳ ನಡುವೆ ವರ್ಷಾನುಗಟ್ಟಲೆ ಇರುತ್ತಾಳೆ. ನಾನು ದುಡಿದ ಐಸಿಯುಗೆ ಕಿಟಕಿಯೇ ಇರಲಿಲ್ಲ. ಹೊರಗೆ ಮಳೆ ಬಂತೆಂದು ತಿಳಿಯುತ್ತಿದ್ದದ್ದು ಸಂದರ್ಶಕರ ಒದ್ದೆ ಕೊಡೆಗಳಿಂದ.

ಇಷ್ಟು ಇತಿಹಾಸ ತಿರುವಿದ ಮೇಲೆ ನನಗೆ ಗಟ್ಟಿಯಾದ ಮಾತು ಒಂದೇ. ಆ ಸರ್ಜನ್ನರಿಗೆ ಹಸಿರು ಸಿಕ್ಕಿದ್ದು ಕೆಲಸದ ಒಳಗೆ. ನನಗೆ ಸಿಕ್ಕಿದ್ದು ಕೆಲಸ ಬಿಟ್ಟ ಮೇಲೆ. ನನಗೆ ಬರಲು ತೋಟವಿತ್ತು, ತವರಿತ್ತು. ನನ್ನ ಜೊತೆ ದುಡಿದ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯ ಸಾಲ, ತಮ್ಮಂದಿರ ಓದು ಹೆಗಲ ಮೇಲಿದೆ. ಅವರು ಬಿಡುವಂತಿಲ್ಲ. ನಮ್ಮೂರ ಹುಡುಗಿಯರು ಈಗಲೂ ನರ್ಸಿಂಗ್ ಓದಲು ಶಿವಮೊಗ್ಗ, ಮಂಗಳೂರು, ಬೆಂಗಳೂರಿಗೆ ಹೋಗುತ್ತಾರೆ. ಕೇಳಲು ಬಂದವರಿಗೆ ಹೋಗಿ ಎಂದೇ ಹೇಳುತ್ತೇನೆ, ಏಕೆಂದರೆ ಅದು ದೊಡ್ಡ ಕೆಲಸ. ಅವರನ್ನು ದುಡಿಸಿಕೊಳ್ಳುವವರಿಗೆ ಹೇಳುವುದು ಬೇರೆ ಇದೆ. ಆಸ್ಪತ್ರೆ ಕಟ್ಟುವಾಗ ಸಿಬ್ಬಂದಿಯ ಕೋಣೆಗೆ ಮರ ಕಾಣುವ ಕಿಟಕಿ ಇಡಿ. ಅಂಗಳದಲ್ಲಿ ನಾಲ್ಕು ಗಿಡ ನೆಡಿ. ಅಲ್ಲಿ ಹೋಗಿ ನಿಲ್ಲುವ ಹೊತ್ತನ್ನು ಡ್ಯೂಟಿ ಪಟ್ಟಿಯಲ್ಲಿ ಬರೆಯಿರಿ, ಆ ಹೊತ್ತಿಗೆ ಬದಲಿ ನರ್ಸನ್ನೂ ಕೊಡಿ. ನೆಮ್ಮದಿ ಬೇಕೆಂದರೆ ರಾಜೀನಾಮೆ ಕೊಡಬೇಕು ಎನ್ನುವ ಸ್ಥಿತಿ ನನ್ನ ತಲೆಮಾರಿಗೇ ಮುಗಿಯಲಿ.