ಹಿಮದ ಹರಳು ಮತ್ತು ಒಂದು ಎಡಿಟಿಂಗ್ ಜಗಳ

1/4
ಹಿಮದ ಹರಳು ಅಂದ ತಕ್ಷಣ ನಿಮ್ಮ ತಲೆಗೆ ಏನು ಬರುತ್ತೆ? ಆರು ಕೈಯ ನಕ್ಷತ್ರ, ಎಲ್ಲಾ ಕೈಯೂ ಒಂದೇ ಅಳತೆ, ಹಿಂದೆ ಕಡುಕಪ್ಪು. ಹಿಮ ಬೀಳೋದನ್ನೇ ನೋಡದ ನಮಗೂ ಇದೇ ಚಿತ್ರ. ಇದನ್ನ ಜಗತ್ತಿನ ತಲೆಯಲ್ಲಿ ಕೂರಿಸಿದವರಲ್ಲಿ ಮುಖ್ಯನಾದವನು ಒಬ್ಬ ರೈತ.

2/4
ವಿಲ್ಸನ್ ಬೆಂಟ್ಲಿ. ಹುಟ್ಟಿದ್ದು 1865, ಅಮೆರಿಕದ ವರ್ಮಾಂಟ್‌ನ ಜೆರಿಕೊ ಊರಲ್ಲಿ. ಅಮ್ಮ ಕೊಟ್ಟ ಮೈಕ್ರೋಸ್ಕೋಪಿನಲ್ಲಿ ಹರಳು ನೋಡಿ ಚಿತ್ರ ಬಿಡಿಸೋಕೆ ಕೂತ. ಬಿಡಿಸಿ ಮುಗಿಸೋದ್ರೊಳಗೆ ಅದು ಕರಗಿ ಹೋಗ್ತಿತ್ತು! ಕೊನೆಗೆ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ, 1885ರ ಜನವರಿ 15ರಂದು ಮೊದಲ ಫೋಟೊ ತೆಗೆದ. ಆಗ ಅವನಿಗೆ 19, ನನಗಿಂತ ಒಂದು ವರ್ಷ ಚಿಕ್ಕವನು.

ಕೆಲಸ ನಡೀತಿದ್ದದ್ದು ಬೆಂಕಿಯಿಲ್ಲದ ಕೋಣೆಯಲ್ಲಿ. ಕಪ್ಪು ಹಲಗೆಯ ಮೇಲೆ ಹಿಮ ಹಿಡಿದು, ಕಡ್ಡಿಯಿಂದ ಗಾಜಿಗೆ ಎತ್ತಿಟ್ಟು, ಹಕ್ಕಿಗರಿಯಿಂದ ಮೆಲ್ಲಗೆ ಒತ್ತಿ, ಉಸಿರು ಬಿಗಿಹಿಡಿದು ಕ್ಲಿಕ್. ಉಸಿರು ತಾಗಿದ್ರೂ ಹರಳು ಹೋಯ್ತು. ಹೀಗೆ 5000ಕ್ಕೂ ಹೆಚ್ಚು ಫೋಟೊ.

3/4
ಈಗ ಜಗಳಕ್ಕೆ ಬನ್ನಿ. ಪಾರದರ್ಶಕ ಹರಳು ಬಿಳಿ ಹಿನ್ನೆಲೆಯಲ್ಲಿ ಎದ್ದು ಕಾಣಲ್ಲ. ಅದಕ್ಕೆ ಬೆಂಟ್ಲಿ ನೆಗೆಟಿವ್‌ನ ಪ್ರತಿ ಮಾಡಿ, ಹರಳಿನ ಸುತ್ತಲಿನ ಲೇಪವನ್ನ ಚಾಕುವಿನಿಂದ ಕೆರೆದು ತೆಗೀತಿದ್ದ. ಪ್ರಿಂಟ್ ಹಾಕಿದಾಗ ಹಿನ್ನೆಲೆ ಕಪ್ಪು. ಬರ್ಲಿನ್ನಿನ ಹವಾಮಾನ ವಿಜ್ಞಾನಿ ಗುಸ್ಟಾವ್ ಹೆಲ್ಮನ್ ಇದಕ್ಕೆ ಆಕ್ಷೇಪಿಸಿದ: ಹೀಗೆ ಕೆರೆದರೆ ಹರಳಿನ ಅಂಚೇ ಬದಲಾಗುತ್ತೆ ಅಂತ. ಅವನು 1893ರಲ್ಲಿ ಪ್ರಕಟಿಸಿದ್ದ ಪುಸ್ತಕದ ಫೋಟೊಗಳಲ್ಲಿ ಹರಳುಗಳು ಅಷ್ಟೊಂದು ಅಚ್ಚುಕಟ್ಟಾಗಿರಲಿಲ್ಲ.

ನನ್ನ ಪ್ರಕಾರ ದೊಡ್ಡ ಎಡಿಟ್ ಚಾಕುವಿನದ್ದಲ್ಲ, ಆಯ್ಕೆಯದ್ದು. ಬೀಳೋ ಹಿಮದಲ್ಲಿ ಬಹುಪಾಲು ಸೊಟ್ಟ, ಮುರಿದದ್ದು, ಒಂದಕ್ಕೊಂದು ಅಂಟಿದ್ದು. ಬೆಂಟ್ಲಿ ಹುಡುಕಿದ್ದು ಚೆಂದದ್ದನ್ನ. 1931ರಲ್ಲಿ ಬಂದ ಅವನ ಪುಸ್ತಕದಲ್ಲಿ 2400ಕ್ಕೂ ಹೆಚ್ಚು ಚಿತ್ರಗಳಿವೆ. ಅದೇ ಡಿಸೆಂಬರಲ್ಲಿ, ಹಿಮಗಾಳಿಯಲ್ಲಿ ಮನೆಗೆ ನಡೆದು ಬಂದವನು ನ್ಯುಮೋನಿಯಾದಿಂದ ತೀರಿಕೊಂಡ.

4/4
ಮುಂದಿನ ವರ್ಷಗಳಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಉಕಿಚಿರೊ ನಕಾಯ ಅನ್ನೋ ಭೌತವಿಜ್ಞಾನಿ ಚೆಂದದ್ದು, ಸೊಟ್ಟದ್ದು ಎರಡನ್ನೂ ಬಿಡದೆ ಫೋಟೊ ತೆಗೆದ. 1936ರಲ್ಲಿ ಲ್ಯಾಬಲ್ಲೇ ಮೊಲದ ಕೂದಲಿನ ತುದಿಯಲ್ಲಿ ಹರಳು ಬೆಳೆಸಿದ! ಗೊತ್ತಾಗಿದ್ದು: ಆಕಾರ ನಿರ್ಧಾರ ಮಾಡೋದು ಚಳಿ ಮತ್ತು ತೇವಾಂಶ. ಮೈನಸ್ 15 ಡಿಗ್ರಿ ಹತ್ತಿರ ನಕ್ಷತ್ರ, ಮೈನಸ್ 5ರ ಹತ್ತಿರ ಬರೀ ಸೂಜಿ. ಅಂದ್ರೆ ಯಾರೂ ಫ್ರೇಮ್ ಹಾಕಿಸದ ಸೂಜಿಯೂ ಮೋಡದೊಳಗಿನ ಸುದ್ದಿ ಹೇಳುತ್ತೆ.

ಬೆಂಟ್ಲಿ ಇಲ್ಲದಿದ್ರೆ ಎಷ್ಟೋ ಜನ ಹಿಮವನ್ನ ಬಗ್ಗಿ ನೋಡ್ತಾನೇ ಇರಲಿಲ್ಲ. ನಕಾಯ ಇಲ್ಲದಿದ್ರೆ ಅದು ಹೇಳೋದು ಪೂರ್ತಿ ಅರ್ಥ ಆಗ್ತಿರಲಿಲ್ಲ.

ಈಗ ಹೇಳಿ, ನೀವು ಪೋಸ್ಟ್ ಮಾಡದೆ ಬಿಟ್ಟ ಸೊಟ್ಟ ಫೋಟೊಗಳು ಎಷ್ಟಿವೆ? ಡಿಲೀಟ್ ಮಾಡ್ಬೇಡಿ.

#ಹಿಮದಹರಳು #ಫೋಟೊಹಿಂದಿನಕಥೆ