ಬಾನುಲಿಯಲ್ಲಿ ಹಾಡುಗಳ ವೇಗವರ್ಧನೆ

ಬಾನುಲಿಯಲ್ಲಿ ಹಾಡುಗಳ ವೇಗವರ್ಧನೆ ಎಂದರೆ ಧ್ವನಿಮುದ್ರಿತ ಹಾಡನ್ನು ಅದರ ಮೂಲ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ನುಡಿಸಿ ಪ್ರಸಾರ ಮಾಡುವ ಪದ್ಧತಿ. ಅಮೆರಿಕದ ವಾಣಿಜ್ಯ ಬಾನುಲಿ ಕೇಂದ್ರಗಳಲ್ಲಿ, ವಿಶೇಷವಾಗಿ ಆಯ್ದ ಜನಪ್ರಿಯ ಗೀತೆಗಳನ್ನೇ ಮತ್ತೆ ಮತ್ತೆ ನುಡಿಸುವ ‘ಟಾಪ್ 40’ ಮಾದರಿಯ ಕೇಂದ್ರಗಳಲ್ಲಿ, ಇದು ರೂಢಿಗೆ ಬಂದಿತು. ಹಿಂದೆ ಗ್ರಾಮಫೋನ್ ಯಂತ್ರದ ನೆರವಿನಿಂದ ನಡೆಯುತ್ತಿದ್ದ ಈ ಕೆಲಸವನ್ನು ಈಗ ಪ್ರಸಾರ ಸ್ವಯಂಚಾಲನ ತಂತ್ರಾಂಶಗಳು ಮಾಡಬಲ್ಲವು. ವೇಗದ ಹೆಚ್ಚಳವು ಸಾಮಾನ್ಯವಾಗಿ ಶೇಕಡ 2ರಿಂದ 4ರೊಳಗೆ ಇರುವುದರಿಂದ ಬಹುಪಾಲು ಕೇಳುಗರು ಇದನ್ನು ಗುರುತಿಸುವುದಿಲ್ಲ.

ಉದ್ದೇಶ

ಮೊದಲನೆಯ ಉದ್ದೇಶ ಸಮಯದ ಉಳಿತಾಯ. ಮೂರು ನಿಮಿಷದ ಹಾಡನ್ನು ಶೇಕಡ 3ರಷ್ಟು ವೇಗವಾಗಿ ನುಡಿಸಿದರೆ ಉಳಿಯುವುದು ಸುಮಾರು 5 ಸೆಕೆಂಡು ಮಾತ್ರ. ಆದರೆ ಗಂಟೆಯೊಂದರಲ್ಲಿ 45 ನಿಮಿಷ ಹಾಡುಗಳಿಗೇ ಮೀಸಲಾಗಿದ್ದರೆ ಉಳಿತಾಯವು 79 ಸೆಕೆಂಡಿಗೆ ಏರುತ್ತದೆ. ಅಂದರೆ 30 ಸೆಕೆಂಡಿನ ಎರಡು ಜಾಹೀರಾತುಗಳಿಗೆ ಸಾಕಾಗಿ ಇನ್ನೂ ಸ್ವಲ್ಪ ಮಿಗುತ್ತದೆ. ಇಡೀ ದಿನಕ್ಕೆ ಲೆಕ್ಕ ಹಾಕಿದರೆ ಇದು ಅರ್ಧ ಗಂಟೆಗೂ ಮೀರಿದ ಅವಧಿ.

ಎರಡನೆಯದು ಪೈಪೋಟಿ. ತುಸು ವೇಗವಾಗಿ ನುಡಿದ ಹಾಡು ಹೆಚ್ಚು ಲವಲವಿಕೆಯಿಂದ ಕೂಡಿದಂತೆ ಕೇಳಿಸುತ್ತದೆ. ಅದಕ್ಕೆ ಒಗ್ಗಿದ ಕಿವಿಗೆ ಪಕ್ಕದ ಕೇಂದ್ರದಲ್ಲಿ ಮೂಲ ವೇಗದಲ್ಲೇ ಬರುತ್ತಿರುವ ಅದೇ ಹಾಡು ಜಡವೆನಿಸಬಹುದು. ಇವೆರಡರ ಜೊತೆಗೆ ಗಡಿಯಾರದ ಅಗತ್ಯವೂ ಇದೆ. ಜಾಲದಿಂದ ಬರುವ ವಾರ್ತೆಗಳು ಗಂಟೆಗೆ ಸರಿಯಾಗಿ ಆರಂಭವಾಗುವುದರಿಂದ ಅದಕ್ಕೆ ಮೊದಲು ಹಾಡು ಮುಗಿದಿರಲೇಬೇಕು.

ಯಂತ್ರಗಳ ಕಾಲ ಮತ್ತು ಶ್ರುತಿಯ ಏರಿಕೆ

ಗ್ರಾಮಫೋನ್ ತಟ್ಟೆಯಲ್ಲಾಗಲಿ ಟೇಪಿನಲ್ಲಾಗಲಿ ವೇಗ ಮತ್ತು ಶ್ರುತಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ತಟ್ಟೆಯನ್ನು 46.35 ಸುತ್ತು ತಿರುಗಿಸಿದರೆ ಹಾಡಿನ ಕಾಲಪ್ರಮಾಣದೊಡನೆ ಶ್ರುತಿಯೂ ಶೇಕಡ 3ರಷ್ಟು ಏರುತ್ತದೆ. ಆಗ 440 ಹರ್ಟ್ಸ್‌ನ ಸ್ವರ ಸುಮಾರು 453 ಹರ್ಟ್ಸ್ ಆಗುತ್ತದೆ. ಹಾರ್ಮೋನಿಯಂನ ಭಾಷೆಯಲ್ಲಿ ಹೇಳುವುದಾದರೆ, ಒಂದು ಮನೆ ಶ್ರುತಿಗೂ ಒಂದೂವರೆ ಮನೆ ಶ್ರುತಿಗೂ ನಡುವಿನ ಅಂತರ ಸುಮಾರು ಶೇಕಡ 6. ಆದ್ದರಿಂದ ಶೇಕಡ 3ರಷ್ಟು ಏರಿದ ಹಾಡು ಯಾವ ಮನೆಗೂ ಸೇರದೆ ಎರಡರ ಮಧ್ಯೆ ನಿಲ್ಲುತ್ತದೆ. ಬಾನುಲಿಯ ಹಾಡಿನೊಡನೆ ವಾದ್ಯ ನುಡಿಸಿ ಅಭ್ಯಾಸ ಮಾಡುವವರು ಈ ವ್ಯತ್ಯಾಸವನ್ನು ಎಲ್ಲರಿಗಿಂತ ಮೊದಲು ಕಂಡುಕೊಳ್ಳುವುದು ಸಹಜ.

ವೇಗ ಬದಲಿಸುವ ಗುಂಡಿ ಇಲ್ಲದ ಯಂತ್ರಗಳಲ್ಲಿ ಮೋಟಾರಿನ ದಂಡಕ್ಕೆ ತೆಳುವಾದ ಅಂಟುಪಟ್ಟಿ ಸುತ್ತಿ ಅದರ ದಪ್ಪವನ್ನು ಹೆಚ್ಚಿಸುವ ಸರಳ ಉಪಾಯವೂ ಇತ್ತು. ದಂಡ ದಪ್ಪವಾದಷ್ಟೂ ತಟ್ಟೆ ವೇಗವಾಗಿ ತಿರುಗುತ್ತದೆ.

ಇದೇ ಬಗೆಯ ಏರಿಕೆ ದೂರದರ್ಶನದ ಪರದೆಯಲ್ಲೂ ಉಂಟಾಗುತ್ತಿತ್ತು. ಆದರೆ ಅದರ ಹಿಂದೆ ಜಾಹೀರಾತಿನ ಆಸೆ ಇರಲಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರಿಸಿದ ಸಿನಿಮಾವನ್ನು ಭಾರತವೂ ಅನುಸರಿಸುತ್ತಿದ್ದ ‘ಪಾಲ್’ ಪದ್ಧತಿಯಲ್ಲಿ ಸಾಮಾನ್ಯವಾಗಿ 25 ಚೌಕಟ್ಟುಗಳಂತೆ ಓಡಿಸಲಾಗುತ್ತಿತ್ತು. ಇದರಿಂದ ಚಿತ್ರವೂ ಅದರ ಹಾಡುಗಳೂ ಶೇಕಡ 4ಕ್ಕಿಂತ ತುಸು ಹೆಚ್ಚು ವೇಗ ಪಡೆಯುತ್ತಿದ್ದವು.

ಶ್ರುತಿ ಕೆಡದಂತೆ ಕಾಲವನ್ನು ಕುಗ್ಗಿಸುವುದು

ವೇಗವನ್ನೂ ಶ್ರುತಿಯನ್ನೂ ಬೇರ್ಪಡಿಸುವ ಪ್ರಯತ್ನ ಸಂಗೀತಕ್ಕಾಗಿ ಅಲ್ಲ, ಮಾತಿಗಾಗಿ ಮೊದಲಾಯಿತು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು, ಟೇಪಿನಲ್ಲಿರುವ ಮಾತಿನ ಅತಿ ಸಣ್ಣ ತುಣುಕುಗಳನ್ನು ಬಿಟ್ಟು ಉಳಿದವನ್ನು ಜೋಡಿಸುವ ಯಂತ್ರವನ್ನು ವಿವರಿಸಿದರು. 1966ರಲ್ಲಿ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ ‘ಫೇಸ್ ವೋಕೋಡರ್’ ಎಂಬ ಗಣಿತೀಯ ವಿಧಾನವನ್ನು ಪ್ರಕಟಿಸಿದರು. 1970ರ ದಶಕದ ಮಧ್ಯದಲ್ಲಿ ಈವೆಂಟೈಡ್ ಸಂಸ್ಥೆಯ ‘ಎಚ್910 ಹಾರ್ಮೊನೈಸರ್’ ಮಾರುಕಟ್ಟೆಗೆ ಬಂದಿತು. ‘ಐ ಲವ್ ಲೂಸಿ’ ಎಂಬ ಹಳೆಯ ಹಾಸ್ಯ ಧಾರಾವಾಹಿಯನ್ನು ಹೆಚ್ಚು ಜಾಹೀರಾತು ಸೇರಿಸಲೆಂದು ವೇಗವಾಗಿ ಓಡಿಸುತ್ತಿದ್ದ ನ್ಯೂಯಾರ್ಕಿನ ದೂರದರ್ಶನ ಕೇಂದ್ರವೊಂದು, ಪಾತ್ರಗಳ ಏರಿದ ದನಿಯನ್ನು ಮತ್ತೆ ಇಳಿಸಲು ಈ ಉಪಕರಣವನ್ನು ಬಳಸಿತು.

1990ರ ದಶಕದ ಕೊನೆಯಲ್ಲಿ ಪ್ರೈಮ್ ಇಮೇಜ್ ಸಂಸ್ಥೆಯ ‘ಕ್ಯಾಶ್’ ಎಂಬ ಉಪಕರಣ ಪ್ರಸಿದ್ಧವಾಯಿತು. ‘ಕ್ಯಾಶ್’ ಎಂದರೆ ನಗದು ಹಣ. ಹೆಸರಿನಲ್ಲೇ ಉದ್ದೇಶ ಬಯಲಾಗಿದೆ! ಇದು ಮಾತಿನ ನಡುವಿನ ಮೌನವನ್ನೂ ಪುನರಾವರ್ತನೆಯಾಗುವ ಧ್ವನಿ ತುಣುಕುಗಳನ್ನೂ ತೆಗೆದುಹಾಕಿ ಜಾಹೀರಾತಿಗೆ ಸ್ಥಳ ಮಾಡಿಕೊಡುತ್ತಿತ್ತು. ತಮ್ಮ ಮಾತಿನ ಕಾರ್ಯಕ್ರಮಕ್ಕೇ ಇದನ್ನು ಅಳವಡಿಸಿದ್ದರ ಬಗ್ಗೆ ನಿರೂಪಕ ರಶ್ ಲಿಂಬಾ ಅಸಮಾಧಾನ ವ್ಯಕ್ತಪಡಿಸಿದರು. 2000ದ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಈ ಕುರಿತು ವರದಿ ಮಾಡಿತು.

ಸ್ವಯಂಚಾಲನ ತಂತ್ರಾಂಶದಲ್ಲಿ

ಸ್ವಯಂಚಾಲನ ತಂತ್ರಾಂಶವು ಹಾಡು, ಜಾಹೀರಾತು, ಪ್ರಕಟಣೆಗಳ ಪಟ್ಟಿಯನ್ನು ಗಡಿಯಾರಕ್ಕೆ ಹೊಂದಿಸಿ ತಾನೇ ಪ್ರಸಾರ ಮಾಡುತ್ತದೆ. ವಾರ್ತೆಯ ವೇಳೆಗೆ ಪಟ್ಟಿ 20 ಸೆಕೆಂಡು ಉದ್ದವಾಗಿದೆ ಎಂದುಕೊಳ್ಳೋಣ. ಉಳಿದ ನಾಲ್ಕು ಹಾಡುಗಳ ಒಟ್ಟು ಅವಧಿ 800 ಸೆಕೆಂಡು ಆಗಿದ್ದರೆ, ಅವನ್ನು ಸುಮಾರು ಶೇಕಡ 2.5ರಷ್ಟು ವೇಗಗೊಳಿಸಿ ಕೊರತೆಯನ್ನು ತುಂಬಬಹುದು. ಪಟ್ಟಿ ಗಿಡ್ಡವಾಗಿದ್ದರೆ ಇದೇ ವಿಧಾನದಿಂದ ಹಾಡುಗಳನ್ನು ಹಿಗ್ಗಿಸಲೂ ಸಾಧ್ಯ. ಮುಕ್ತ ತಂತ್ರಾಂಶವಾದ ‘ರಿವೆಂಡೆಲ್’ನಲ್ಲಿ ಒಂದು ಧ್ವನಿ ತುಣುಕಿಗೆ ನಿಗದಿತ ಅವಧಿಯನ್ನು ವಿಧಿಸಿ, ಶ್ರುತಿ ಬದಲಾಗದಂತೆ ಅದನ್ನು ಅಷ್ಟಕ್ಕೆ ಹೊಂದಿಸುವ ಸೌಲಭ್ಯವಿದೆ.

ಈ ಲೆಕ್ಕಾಚಾರಕ್ಕೂ ಮಿತಿ ಇದೆ. ಹೆಚ್ಚು ಕುಗ್ಗಿಸಿದಂತೆ ತಾಳವಾದ್ಯದ ಪೆಟ್ಟುಗಳು ಮೊಂಡಾಗುತ್ತವೆ, ದೀರ್ಘ ಸ್ವರಗಳಲ್ಲಿ ನಡುಕ ಕಾಣಿಸಿಕೊಳ್ಳುತ್ತದೆ. ಶ್ರುತಿ ಸರಿಯಿದ್ದರೂ ಗಾಯಕರು ಆಯ್ದುಕೊಂಡ ಕಾಲಪ್ರಮಾಣ ಉಳಿಯುವುದಿಲ್ಲ ಎಂಬುದು ಇದಕ್ಕಿಂತ ಮುಖ್ಯವಾದ ಆಕ್ಷೇಪ. ವೇಗ ಹೆಚ್ಚಿಸುವ ಬದಲು ಹಾಡನ್ನೇ ಕತ್ತರಿಸುವ ಮಾರ್ಗವೂ ಟೀಕೆಗೆ ಗುರಿಯಾಗಿದೆ. 2014ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಲ್ಗರಿ ನಗರದ ಒಂದು ಎಫ್.ಎಂ. ಕೇಂದ್ರವು ಹಾಡುಗಳನ್ನು ಸುಮಾರು ಅರ್ಧಕ್ಕೆ ಇಳಿಸಿ ಪ್ರಸಾರ ಮಾಡತೊಡಗಿತು. ಗಾಯಕಿ ಜ್ಯಾನ್ ಆರ್ಡನ್ ಮೊದಲಾದವರ ವಿರೋಧದ ನಂತರ, ಕೆಲವೇ ವಾರಗಳಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು.

ಭಾರತದ ಕಾನೂನು

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಮಾಡಿದ ತಿದ್ದುಪಡಿಯು ಈ ವಿಷಯಕ್ಕೆ ಹತ್ತಿರವಾದ ಎರಡು ಅಂಶಗಳನ್ನು ಒಳಗೊಂಡಿದೆ. ಕಲಂ 31ಡಿ ಪ್ರಕಾರ, ಶಾಸನಬದ್ಧ ಪರವಾನಗಿಯಡಿ ಪ್ರಸಾರ ಮಾಡುವ ಸಂಸ್ಥೆಯು ಹಕ್ಕುದಾರರ ಒಪ್ಪಿಗೆಯಿಲ್ಲದೆ ಸಾಹಿತ್ಯ ಅಥವಾ ಸಂಗೀತ ಕೃತಿಯನ್ನು ಹೊಸದಾಗಿ ಮಾರ್ಪಡಿಸುವಂತಿಲ್ಲ. ಪ್ರಸಾರಕ್ಕೆ ತಾಂತ್ರಿಕವಾಗಿ ಅಗತ್ಯವಾದ ಬದಲಾವಣೆಗೂ, ಪ್ರಸಾರದ ಅನುಕೂಲಕ್ಕಾಗಿ ಕೃತಿಯನ್ನು ಚಿಕ್ಕದಾಗಿಸುವುದಕ್ಕೂ ವಿನಾಯಿತಿ ಇದೆ. ಕಲಂ 38ಬಿ ಕಲಾವಿದರಿಗೆ, ತಮ್ಮ ಪ್ರದರ್ಶನವನ್ನು ಕೀರ್ತಿಗೆ ಧಕ್ಕೆಯಾಗುವಂತೆ ವಿರೂಪಗೊಳಿಸುವುದನ್ನು ತಡೆಯುವ ಹಕ್ಕು ನೀಡುತ್ತದೆ. ಆದರೆ ಸೀಮಿತ ಅವಧಿಗೆ ಹೊಂದಿಸಲು ಒಂದು ಭಾಗವನ್ನು ತೆಗೆಯುವುದಾಗಲಿ, ಕೇವಲ ತಾಂತ್ರಿಕ ಕಾರಣಕ್ಕಾಗಿ ಬದಲಿಸುವುದಾಗಲಿ ಅಂತಹ ಧಕ್ಕೆ ಎನಿಸುವುದಿಲ್ಲ ಎಂದು ಅದರ ವಿವರಣೆ ಹೇಳುತ್ತದೆ. ವೇಗವರ್ಧನೆಯ ಹೆಸರು ಈ ಎರಡು ಕಲಂಗಳಲ್ಲೂ ಇಲ್ಲ. ವಾರ್ತೆಯ ವೇಳೆಗೆ ಹಾಡು ಮುಗಿಸಲು ವೇಗ ಹೆಚ್ಚಿಸುವುದನ್ನು ತಾಂತ್ರಿಕ ಕಾರಣವೆಂದು ವಾದಿಸಬಹುದು. ಜಾಹೀರಾತಿಗೆ ಸ್ಥಳ ಮಾಡಲು ಹೆಚ್ಚಿಸುವುದನ್ನು ಹಾಗೆ ಸಮರ್ಥಿಸುವುದು ಕಷ್ಟ.